ಪಾರ್ಟ್ ಬದಲಿಸುವ ಮೊದಲು ಒಂದು ನೋಟ್‌ಬುಕ್ ಇಡಿ

ನಮ್ಮ ಹಾವೇರಿ ಜಿಲ್ಲೆಯ ಯಾವ ಊರಿಗೆ ಹೋದರೂ ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ ಒಂದು ಮಾರುತಿ 800 ಇಲ್ಲವೇ ಒಂದು ಓಮ್ನಿ ನಿಂತಿರುತ್ತೆ. 800 ಮೊದಲು ಮಾರಾಟಕ್ಕೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಓಮ್ನಿ 2019ರವರೆಗೂ ಬಂತು. ಅಂದರೆ ಇವತ್ತು ರಸ್ತೆಯಲ್ಲಿರುವ ಅತಿ ಚಿಕ್ಕ ವಯಸ್ಸಿನ 800ಕ್ಕೂ ಹತ್ತು ವರ್ಷ ದಾಟಿದೆ. ಆದರೂ ಸಂತೆಗೆ, ಮದುವೆಗೆ, ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಅಂದರೆ ಜಿಲ್ಲಾ ಆಸ್ಪತ್ರೆಗೆ ಓಡುವುದು ಇದೇ ಗಾಡಿ.

ಈ ಹಳೇ ಗಾಡಿಗಳ ಬಗ್ಗೆ ನಾನು ಕೇಳುವ ದೂರು ಎರಡೇ ಎರಡು. ಒಂದು, 'ಬೆಳಿಗ್ಗೆ ಚಾಲೂನ ಆಗವಲ್ದು'. ಇನ್ನೊಂದು, 'ದಾರ್ಯಾಗ ಬಂದ್ ಬೀಳತೈತಿ'. ಅದಕ್ಕೆ ನಡೆಯುವ ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಪ್ಲಗ್ ಬದಲಿಸುತ್ತಾರೆ. ಹೋಗಲಿಲ್ಲ ಅಂದರೆ ಕಾಯಿಲ್. ಆಮೇಲೆ ಪೆಟ್ರೋಲ್ ಪಂಪು, ಕಾರ್ಬುರೇಟರ್ ಸರ್ವಿಸು. ನಾಲ್ಕನೇ ಬಿಲ್ಲಿನ ಹೊತ್ತಿಗೆ ಮನೆಯವರ ತಾಳ್ಮೆ ಮುಗಿದು ಗಾಡಿ ಗುಜರಿಗೆ ಹೋಗುತ್ತೆ. ಎಷ್ಟೋ ಸಲ ಅದರ ರೋಗ ಸಣ್ಣದೇ ಇರುತ್ತೆ, ಯಾರೂ ಅದನ್ನ ಸರಿಯಾಗಿ ವಿಚಾರಿಸಿರುವುದಿಲ್ಲ ಅಷ್ಟೆ.

ನಾನು ಎಂಜಿನಿಯರಿಂಗ್ ಓದಿದ್ದು ಹೌದು, ಆದರೆ ಕೆಲಸ ಸಾಫ್ಟ್‌ವೇರಿನದು. ಗ್ಯಾರೇಜಿನ ಮಿಸ್ತ್ರಿಗಳ ಕೈಗುಣ ನನಗಿಲ್ಲ. ಆದರೆ ನಮ್ಮ ಕೆಲಸದಲ್ಲಿ ಒಂದು ಶಿಸ್ತು ಇದೆ. ಪ್ರೋಗ್ರಾಂ ಕೆಟ್ಟರೆ 'ಏನು ಕೆಟ್ಟಿದೆ' ಅಂತ ಊಹೆ ಮಾಡುವ ಮೊದಲು 'ಯಾವಾಗ ಕೆಡುತ್ತೆ, ಯಾವಾಗ ಕೆಡಲ್ಲ' ಅಂತ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಳೇ ಗಾಡಿಗೂ ಇದೇ ಲೆಕ್ಕ ಪೂರ್ತಿ ನಡೆಯುತ್ತೆ.

ಸೆಲ್ಫ್ ಹೊಡೆದಾಗ ಏನು ಕೇಳಿಸುತ್ತೆ?

ಪೆಟ್ರೋಲ್ ಎಂಜಿನ್ ನಡೆಯಲು ಬೇಕಾದದ್ದು ಗಾಳಿ, ಪೆಟ್ರೋಲ್ ಮತ್ತು ಸರಿಯಾದ ಹೊತ್ತಿಗೆ ಒಂದು ಕಿಡಿ. ಇವು ಕೂಡುವ ಮೊದಲು ಎಂಜಿನ್ ಒಮ್ಮೆ ತಿರುಗಬೇಕು, ಅದಕ್ಕೆ ಬ್ಯಾಟರಿ. ಹಾಗಾಗಿ ಮೊದಲ ಪ್ರಶ್ನೆ ಬ್ಯಾಟರಿಗೆ.

ಹೆಡ್‌ಲೈಟ್ ಹಾಕಿಕೊಂಡು ಚಾವಿ ತಿರುಗಿಸಿ. 'ಕಟ್ ಕಟ್' ಅಂದು ಲೈಟು ಸತ್ತೇ ಹೋದಂತೆ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ ಆಗಿದೆ. ಲೈಟು ಚೆನ್ನಾಗಿ ಉರಿಯುತ್ತಲೇ ಇದ್ದು ಸೆಲ್ಫ್ ಸದ್ದೇ ಮಾಡದಿದ್ದರೆ ತೊಂದರೆ ಸೆಲ್ಫ್ ಮೋಟರಿನದ್ದು ಅಥವಾ ಅದಕ್ಕೆ ಹೋಗುವ ವೈರಿನದ್ದು. ಮನೆಯಲ್ಲಿ ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 14ರ ಆಸುಪಾಸು ಬಂದರೆ ಚಾರ್ಜಿಂಗ್ ಸರಿ ಇದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತಿಂಗ್ ವೈರನ್ನೂ ಹಾಗೇ ನೋಡಿ. 'ಬ್ಯಾಟರಿ ಹೋಗೇತಿ' ಅಂತ ಎಸೆದ ಎಷ್ಟೋ ಬ್ಯಾಟರಿಗಳು ಹೋಗಿರುವುದಿಲ್ಲ.

ಸೆಲ್ಫ್ ಜೋರಾಗಿ ತಿರುಗಿಸಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿ ಬಿಟ್ಟುಬಿಡಿ, ಪೆಟ್ರೋಲ್ ಇಲ್ಲವೇ ಕಿಡಿಯ ಕಡೆ ತಿರುಗಿ. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಬಂದಿದೆಯೋ ಇಲ್ಲವೋ ನೋಡುವುದು ಬಹಳ ಸುಲಭ. ಎಂಜಿನ್ ಬಂದ್ ಇರುವಾಗ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರಿನ ಬಾಯಿಯೊಳಗೆ ನೋಡುತ್ತಾ ಎಕ್ಸಲರೇಟರ್ ಕೇಬಲ್ಲನ್ನು ಕೈಯಿಂದ ಎಳೆಯಿರಿ. ಸಣ್ಣ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಿದರೆ ಕಾರ್ಬುರೇಟರಿನವರೆಗೆ ಪೆಟ್ರೋಲ್ ಬಂದಿದೆ. ಚಿಮ್ಮದಿದ್ದರೆ ಪಂಪು, ಫಿಲ್ಟರ್, ಪೈಪು, ಟ್ಯಾಂಕು ಅಂತ ಹಿಂದಕ್ಕೆ ಹೋಗಬೇಕು. ಸೆಲ್ಫ್ ಹೊಡೆಯುವಾಗ ಮಾತ್ರ ಆ ಬಾಯಿಗೆ ಮುಖ ಒಡ್ಡಬೇಡಿ, ಬೆಂಕಿ ಉಗುಳಬಹುದು. ಹತ್ತಿರ ಬೀಡಿ, ಸಿಗರೇಟು ಯಾರ ಕೈಯಲ್ಲೂ ಇರಬಾರದು.

ಪೆಟ್ರೋಲ್ ಇದೆ ಅಂದರೆ ಮುಂದಿನ ಪ್ರಶ್ನೆ ಕಿಡಿಗೆ. ಪ್ಲಗ್ ಬಿಚ್ಚಿ ನೋಡಿದರೆ ಅದೇ ಅರ್ಧ ಕಥೆ ಹೇಳುತ್ತೆ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಕರೀ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಒದ್ದೆ ಇದ್ದರೆ ಓವರ್‌ಫ್ಲೋ, ಇಲ್ಲವೇ ಕಿಡಿಯೇ ಬರುತ್ತಿಲ್ಲ. ಕಿಡಿಯ ಪರೀಕ್ಷೆಯನ್ನು ಮಿಸ್ತ್ರಿಗೇ ಬಿಡಿ. ಅದರ ಶಾಕ್ ಸಾವಿರಾರು ವೋಲ್ಟಿನದು.

ಯಾವಾಗ ಅನ್ನೋದರಲ್ಲೇ ಉತ್ತರ

ಇಷ್ಟೆಲ್ಲ ಬಿಚ್ಚುವ ಮೊದಲೇ ಬಹುಪಾಲು ಉತ್ತರ 'ಯಾವಾಗ' ಅನ್ನುವ ಪ್ರಶ್ನೆಯಲ್ಲಿ ಸಿಗುತ್ತೆ.

ಬರೀ ಬೆಳಗಿನ ಹೊತ್ತು, ಎಂಜಿನ್ ತಣ್ಣಗಿದ್ದಾಗ ಹಟ ಮಾಡುತ್ತೆ ಅಂದರೆ ಮೊದಲು ಚೋಕ್ ನೋಡಿ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು, ಚೋಕ್ ಗಾಳಿ ತಡೆದು ಅದನ್ನ ಕೊಡುತ್ತೆ. ಕೇಬಲ್ ಜಾಮ್ ಆಗಿ ಒಳಗಿನ ಪರದೆ ಪೂರ್ತಿ ಮುಚ್ಚದೇ ಇರುವುದು ಹಳೇ 800ರಲ್ಲಿ ಸಾಮಾನ್ಯ. ಹೊಸ ಕಾರಿನಲ್ಲಿ ಡ್ರೈವಿಂಗ್ ಕಲಿತ ಹುಡುಗರಿಗಂತೂ ಆ ಗುಬ್ಬಿ ಎಳೆಯಬೇಕು ಅನ್ನುವುದೇ ಗೊತ್ತಿರಲ್ಲ.

ತಣ್ಣಗಿದ್ದಾಗ ಸರಿ, ಬಿಸಿಲಲ್ಲಿ ಓಡಿಸಿ ಹದಿನೈದು ನಿಮಿಷ ನಿಲ್ಲಿಸಿದ ಮೇಲೆ ಚಾಲೂ ಆಗಲ್ಲ ಅಂದರೆ ಎಂಜಿನ್ ಕಾವಿಗೆ ಕಾರ್ಬುರೇಟರಿನ ಪೆಟ್ರೋಲ್ ಕುದಿದು ಒಳಗೆ ಆವಿ ತುಂಬಿಕೊಂಡಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಸವಣೂರಿನ ಸಂತೆ ಮುಗಿಸಿ ಬಂದು ಚಾವಿ ತಿರುಗಿಸುವವರ ಪಾಡು ಇದು. ಎಕ್ಸಲರೇಟರನ್ನು ಪಂಪ್ ಮಾಡಬೇಡಿ. ಒಂದೇ ಸಲ ಪೂರ್ತಿ ಒತ್ತಿ ಹಿಡಿದು, ಹತ್ತು ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆಯಿರಿ. ಗಾಳಿ ಹೆಚ್ಚು ನುಗ್ಗಿ ಹೆಚ್ಚಾದ ಪೆಟ್ರೋಲ್ ಹೊರಗೆ ಹೋಗುತ್ತೆ.

ಮಳೆಗಾಲದಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುತ್ತೆ ಅಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬಿರುಕು, ಇಲ್ಲವೇ ಹಳೇ ಪ್ಲಗ್ ವೈರು. ಹಾನಗಲ್ ಸೀಮೆ ಅರೆಮಲೆನಾಡು, ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಒಳಗೆಲ್ಲ ಥಂಡಿ ಹಿಡಿಯುತ್ತೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ದೂರದಿಂದ ನೋಡಿ. ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದರೆ ಕಳ್ಳ ಸಿಕ್ಕಿದ ಅಂತಲೇ.

ಸಿಗ್ನಲ್‌ನಲ್ಲಿ, ಹಂಪ್‌ನಲ್ಲಿ ಕಾಲು ತೆಗೆದ ಕೂಡಲೇ ಬಂದ್ ಬಿದ್ದು, ರೇಸ್ ಕೊಟ್ಟರೆ ಸರಿ ಇರುವ ಗಾಡಿಯಲ್ಲಿ ಐಡ್ಲಿಂಗ್ ಜೆಟ್ ಕಟ್ಟಿರುತ್ತೆ, ಇಲ್ಲವೇ ಎಲ್ಲೋ ಒಂದು ರಬ್ಬರ್ ಪೈಪ್ ಒಡೆದು ಗಾಳಿ ಸೇರುತ್ತಿರುತ್ತೆ. ಐಡ್ಲಿಂಗ್‌ನಲ್ಲಿ ಸರಿ, ಏರಿನಲ್ಲಿ ಉಸಿರು ಕಟ್ಟುತ್ತೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಫಿಲ್ಟರ್ ಇಲ್ಲವೇ ಪಂಪು ನೋಡಬೇಕು.

ಇನ್ನೊಂದು ಬಹಳ ಮುಖ್ಯ. ಹೇಗೆ ಬಂದ್ ಬೀಳುತ್ತೆ ಅನ್ನೋದನ್ನ ಗಮನಿಸಿ. ಯಾರೋ ಚಾವಿ ತಿರುಗಿಸಿದಂತೆ ಒಮ್ಮೆಲೇ ಬಂದ್ ಆದರೆ ಅದು ಕರೆಂಟಿನ ಕಡೆ, ಕಾಯಿಲ್ ಬಿಸಿಯಾಗಿ ಕೈಕೊಟ್ಟಿರಬಹುದು. ಕೆಮ್ಮಿ, ಮುಗ್ಗರಿಸಿ, ಒಂದಷ್ಟು ದೂರ ತೆವಳಿ ಬಂದ್ ಆದರೆ ಅದು ಪೆಟ್ರೋಲಿನ ಕಡೆ. ಈ ಒಂದು ಮಾತನ್ನ ಸರಿಯಾಗಿ ಹೇಳಿದರೂ ಮಿಸ್ತ್ರಿಯ ಅರ್ಧ ದಿನ ಉಳಿಯುತ್ತೆ.

ಆಸ್ಪತ್ರೆ ದಾರಿ ಆಗದ ಗಾಡಿ

ಹಾನಗಲ್ ತಾಲೂಕಿನಲ್ಲಿರುವ ನಮ್ಮ ಕಾಕಾನ ಹತ್ತಿರ 1994ರ ಮಾಡೆಲ್ ಮಾರುತಿ 800 ಇದೆ. ಚಿಗವ್ವನಿಗೆ ಹೃದಯದ ತೊಂದರೆ, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ತಪಾಸಣೆಗೆ ಹೋಗಬೇಕು. ಹಾನಗಲ್ಲಿನಿಂದ ಬಂಕಾಪುರಕ್ಕೆ ಬಂದು, ಅಲ್ಲಿ ಹೈವೇ ಹಿಡಿದು, ಶಿಗ್ಗಾವಿ ದಾಟಿ ಹೋಗುವ ದಾರಿ. ಎರಡು ಸಲ ಶಿಗ್ಗಾವಿ ಮುಟ್ಟುವ ಮೊದಲೇ ಗಾಡಿ ಹೈವೇ ಮೇಲೆ ನಿಂತಿತ್ತು. ಪಕ್ಕದಲ್ಲಿ ಲಾರಿಗಳು ಬರ್ ಅಂತ ಹೋಗುತ್ತಿರುವಾಗ ಚಿಗವ್ವ ಒಳಗೆ ಕೂತಿದ್ದಳು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವಂತೆ ಮತ್ತೆ ಚಾಲೂ.

ಪ್ಲಗ್, ಕಾಯಿಲ್, ಪಂಪು ಎಲ್ಲ ಬದಲಾಗಿ, ಕಾರ್ಬುರೇಟರ್ ಎರಡು ಸಲ ತೊಳೆದಾಗಿತ್ತು. ಸುಮಾರು 9 ಸಾವಿರ ರೂಪಾಯಿ ಹೋಗಿತ್ತು. ಒಂದು ದಿನ ಕಾಕಾ ಫೋನ್ ಮಾಡಿದ.

'ತಮ್ಮಾ, ಈ ಗಾಡಿಗೆ ದವಾಖಾನಿ ದಾರಿ ಆಗಿ ಬರಂಗಿಲ್ಲ. ಸವಣೂರಿಗೆ ಹೋಗತೈತಿ, ಹಿರೇಕೆರೂರಿಗೆ ಮಗಳ ಮನಿಗೆ ಹೋಗತೈತಿ, ಏನೂ ಆಗಂಗಿಲ್ಲ. ನಿನ್ನ ಚಿಗವ್ವನ್ನ ಕರಕೊಂಡ ಹುಬ್ಬಳ್ಳಿಗೆ ಹೊಂಟ್ನಿ ಅಂದ್ರ ಕುಂತ ಬಿಡತೈತಿ. ಮಾರೇ ಬಿಡತೇನಿ.'

'ಕಾಕಾ, ಮಾರೂದು ಇದ್ದ ಐತಿ. ಎರಡ ತಿಂಗಳ ತಡೀರಿ, ಒಂದ ನೋಟ್‌ಬುಕ್ಕಿನಾಗ ಬರದ ಇಡ್ರಿ' ಅಂದೆ.

ತಾರೀಖು, ಎಲ್ಲಿಂದ ಎಲ್ಲಿಗೆ, ಬಿಸಿಲೋ ಮಳೆಯೋ, ಬಂದ್ ಬಿದ್ದರೆ ಎಷ್ಟು ಕಿಲೋಮೀಟರಿಗೆ, ಹೇಗೆ ಬಂದ್ ಬಿತ್ತು, ಹೊರಡುವಾಗ ಪೆಟ್ರೋಲ್ ಮುಳ್ಳು ಎಲ್ಲಿತ್ತು. ಇಷ್ಟೇ ಆರು ಕಾಲಂ. ಅಲ್ಲಿಯವರೆಗೆ ಚಿಗವ್ವ ಬಾಡಿಗೆ ಗಾಡಿಯಲ್ಲಿ ಹೋಗಬೇಕು, 800ನ್ನು ಯಾರೂ ಮುಟ್ಟಬಾರದು, ಏನೂ ಬದಲಿಸಬಾರದು ಅನ್ನುವುದು ಒಪ್ಪಂದ. ಹುಬ್ಬಳ್ಳಿಗೆ ಬೇರೆ ಕೆಲಸ ಬಿದ್ದಾಗ ಕಾಕಾ ಒಬ್ಬನೇ 800 ತಗೊಂಡು ಹೋಗುವುದು.

ಎರಡು ತಿಂಗಳ ನಂತರ ಹಾಳೆಗಳ ಫೋಟೋ ವಾಟ್ಸ್ಆ್ಯಪ್‌ಗೆ ಬಂತು. 11 ಪ್ರಯಾಣ, ಅದರಲ್ಲಿ 3 ಸಲ ಬಂದ್. ಮೂರೂ ಹುಬ್ಬಳ್ಳಿ ದಾರಿಯಲ್ಲೇ. ಮೂರು ಸಲವೂ ಕೆಮ್ಮಿ ಕೆಮ್ಮಿ ನಿಂತಿದೆ, ಅಂದರೆ ಪೆಟ್ರೋಲಿನ ಕಡೆ. ಸವಣೂರಿಗೆ ಹೋಗುವಾಗಲೂ ಬಂಕಾಪುರದವರೆಗೆ ಅದೇ ರಸ್ತೆ, ಅದೇ ಬಿಸಿಲು, ಒಂದು ಸಲವೂ ನಿಂತಿಲ್ಲ. ಹಿರೇಕೆರೂರಿನ ದಾರಿ ಸಣ್ಣದೇನಲ್ಲ, ಅಲ್ಲೂ ಇಲ್ಲ. ಹಾಗಾದರೆ ದಾರಿಯದ್ದೂ ಅಲ್ಲ, ದೂರದ್ದೂ ಅಲ್ಲ, ಬಿಸಿಲಿನದ್ದೂ ಅಲ್ಲ. ವ್ಯತ್ಯಾಸ ಇದ್ದದ್ದು ಕೊನೆಯ ಕಾಲಂನಲ್ಲಿ. ಸವಣೂರು, ಹಿರೇಕೆರೂರಿಗೆ ಹೋದಾಗೆಲ್ಲ ಮುಳ್ಳು ಕಾಲು, ಅರ್ಧ. ಬಂದ್ ಬಿದ್ದ ಮೂರೂ ದಿನ 'ಫುಲ್'.

ಕಾಕಾನಿಗೆ ಕೇಳಿದರೆ ಕಾರಣ ಸರಳ. ಹುಬ್ಬಳ್ಳಿ ಅಂದರೆ ದೂರ, ದವಾಖಾನೆ ಕೆಲಸ, ನಡುದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಬಾರದು ಅಂತ ಬಂಕ್‌ನಲ್ಲಿ ಬಾಯಿತನಕ ತುಂಬಿಸುವ ರೂಢಿ. ಎಚ್ಚರಿಕೆಗೆ ಅಂತ ಮಾಡಿದ್ದೇ ಗಾಡಿಯನ್ನ ನಿಲ್ಲಿಸುತ್ತಿತ್ತು.

ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಅಂದು ನಿಂತುಬಿಡುತ್ತೆ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಪೆಟ್ರೋಲ್ ಟ್ಯಾಂಕಿಗೂ ಹಾಗೇ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಹಳೇ ಗಾಡಿಗಳಲ್ಲಿ ಈ ದಾರಿ ಟ್ಯಾಂಕ್ ಮುಚ್ಚಳದಲ್ಲೇ ಇರುತ್ತೆ. ಅದು ಕಟ್ಟಿದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರಲ್ಲ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗೆ ಗಾಳಿ ಬೇಕಾದಷ್ಟಿದೆ, ಎರಡು ಲೀಟರ್ ಖರ್ಚಾದರೂ ಒತ್ತಡ ಅಷ್ಟು ಇಳಿಯಲ್ಲ. ಬಾಯಿತನಕ ತುಂಬಿದ್ದರೆ ಒಳಗಿರುವ ಗಾಳಿ ಒಂದು ಹಿಡಿ. ಒಂದೆರಡು ಲೀಟರ್ ಹೋಗುತ್ತಲೇ ಉಸಿರು ಕಟ್ಟುತ್ತೆ. ಅಷ್ಟರ ಹೊತ್ತಿಗೆ ಗಾಡಿ ಬಂಕಾಪುರ, ಶಿಗ್ಗಾವಿ ನಡುವೆ ಇರುತ್ತೆ. ಅರ್ಧ ಗಂಟೆ ನಿಂತರೆ ಸಂದಿಯಿಂದ ನಿಧಾನ ಗಾಳಿ ಸೇರಿ ಮತ್ತೆ ಚಾಲೂ.

ಊಹೆ ಎಷ್ಟೇ ಚೆಂದ ಇದ್ದರೂ ಪರೀಕ್ಷೆ ಬೇಕು. ಒಂದು ಭಾನುವಾರ ಟ್ಯಾಂಕ್ ಫುಲ್ ಮಾಡಿ ಕಾಕಾ ಒಬ್ಬನೇ ಹೊರಟ, ತಮ್ಮ ಹಿಂದೆ ಬೈಕಿನಲ್ಲಿ. ಬಂಕಾಪುರ ದಾಟಿ ಸ್ವಲ್ಪ ದೂರಕ್ಕೆ ಕೆಮ್ಮು ಶುರುವಾಯಿತು. ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ 'ಸುಸ್ಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಅರ್ಧ ಗಂಟೆ ಕಾಯಲಿಲ್ಲ, ಅಲ್ಲೇ ಚಾಲೂ ಆಯಿತು. ಮೂಲ ಮುಚ್ಚಳ ಎಂದೋ ಕಳೆದು, ಯಾವುದೋ ಅಂಗಡಿಯ ಬೀಗದ ಮುಚ್ಚಳ ಹಾಕಿಸಿದ್ದರು. ಅದರಲ್ಲಿ ಗಾಳಿ ಹೋಗುವ ದಾರಿಯೇ ಇರಲಿಲ್ಲ. ದಾರಿ ಇರುವ ಮುಚ್ಚಳಕ್ಕೆ ಕೆಲವು ನೂರು ರೂಪಾಯಿ. ಅದನ್ನ ಹಾಕಿ ಮತ್ತೆ ಎರಡು ಸಲ ಫುಲ್ ಟ್ಯಾಂಕಿನಲ್ಲಿ ಒಬ್ಬನೇ ಹುಬ್ಬಳ್ಳಿಗೆ ಹೋಗಿಬಂದ ಮೇಲೆ ಚಿಗವ್ವ ಹತ್ತಿದಳು.

ಇದರಲ್ಲಿ ಮಿಸ್ತ್ರಿಗಳನ್ನ ಬೈಯುವಂಥದ್ದು ಏನೂ ಇಲ್ಲ. ಗ್ಯಾರೇಜಿಗೆ ಗಾಡಿ ಬರುವಾಗ ಟ್ಯಾಂಕಿನಲ್ಲಿ ಇರುವುದು ಮೂರು ಲೀಟರ್. ಊರ ಸುತ್ತ ಎಷ್ಟು ಟ್ರಯಲ್ ಹೊಡೆದರೂ ಆ ರೋಗ ಅವರ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ.

ಎಲ್ಲಕ್ಕೂ ಎಥನಾಲ್ ಕಾರಣವೇ?

ಈಗ ಯಾವ ಗಾಡಿ ಕೆಟ್ಟರೂ ಎಥನಾಲ್ ಪೆಟ್ರೋಲಿನ ಮೇಲೆ ಹಾಕುವ ರೂಢಿ ಬಂದಿದೆ. ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್, ನಮ್ಮಲ್ಲಿ ಬಂದದ್ದು 2023ರ ಫೆಬ್ರವರಿಯಲ್ಲಿ. ಕಬ್ಬಿನಿಂದಷ್ಟೇ ಅಲ್ಲ, ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವಂಥ ಗೋವಿನಜೋಳದಿಂದಲೂ ಎಥನಾಲ್ ತಯಾರಾಗುತ್ತೆ.

ಹಳೇ ಗಾಡಿಗೆ ಅದರ ಪರಿಣಾಮ ಇಲ್ಲ ಅನ್ನೋ ಹಾಗಿಲ್ಲ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಬರೀ ಪೆಟ್ರೋಲಿಗೆ ಅಂತ ಕೊರೆದ ಕಾರ್ಬುರೇಟರ್ ಜೆಟ್ಟಿಗೆ ಇದು ಗೊತ್ತಾಗಲ್ಲ, ಹಾಗಾಗಿ ಮಿಶ್ರಣ ತೆಳುವಾಗುತ್ತೆ. ಬೆಳಿಗ್ಗೆ ಚೋಕ್ ಸ್ವಲ್ಪ ಹೆಚ್ಚು ಹೊತ್ತು ಬೇಕಾಗಬಹುದು, ಐಡ್ಲಿಂಗ್ ತಡವರಿಸಬಹುದು. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರ್ ಪೈಪುಗಳನ್ನ ಮೆತ್ತಗೆ ಮಾಡುತ್ತೆ, ಟ್ಯಾಂಕಿನ ಹಳೇ ಕಸ ಸಡಿಲಿಸಿ ಫಿಲ್ಟರಿಗೆ ತರುತ್ತೆ. ಪರಿಹಾರ ಇದೆ: ಪೈಪುಗಳನ್ನ ಹೊಸದು ಮಾಡಿಸಿ, ಫಿಲ್ಟರ್ ಬೇಗ ಬದಲಿಸಿ, ಐಡ್ಲಿಂಗ್ ಮಿಕ್ಸ್ಚರ್ ಸೆಟ್ ಮಾಡಿಸಿ, ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ. ಆದರೆ ನಿಮ್ಮ ಗಾಡಿಯ ತೊಂದರೆ ನಿಜಕ್ಕೂ ಇದರದ್ದೋ, ಮೊದಲೇ ಇದ್ದದ್ದೋ ಅನ್ನೋದನ್ನ ನೋಟ್‌ಬುಕ್ಕೇ ಹೇಳಬೇಕು. ಕಾಕಾನ ಓಣಿಯಲ್ಲಿ ಎಲ್ಲರೂ ಎಥನಾಲ್ ಅಂದಿದ್ದರು.

ಎಂಪಿಎಫ್‌ಐ ಗಾಡಿ ಇದ್ದರೆ

2000ದ ಆಸುಪಾಸಿನಿಂದ 800ಕ್ಕೂ ಕಾರ್ಬುರೇಟರ್ ಬದಲು ಎಂಪಿಎಫ್‌ಐ ಬಂತು. ಇದರಲ್ಲಿ ಚೋಕ್ ಇಲ್ಲ, ಜೆಟ್ ಇಲ್ಲ. ಚಾವಿ ಆನ್ ಮಾಡಿದ ಕೂಡಲೇ ಹಿಂದಿನಿಂದ ಒಂದೆರಡು ಸೆಕೆಂಡ್ 'ಗುಂಯ್' ಅನ್ನುವ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪಂಪು. ಸದ್ದಿಲ್ಲದಿದ್ದರೆ ಮೊದಲು ಫ್ಯೂಸು, ರಿಲೇ ನೋಡಿ, ಆಮೇಲೆ ಪಂಪು. ಐಡ್ಲಿಂಗ್‌ನಲ್ಲಿ ಬಂದ್ ಬೀಳುವ ಗಾಡಿಯಲ್ಲಿ ಥ್ರಾಟಲ್ ಬಾಡಿಗೆ ಕಟ್ಟಿದ ಮಸಿ ತೊಳೆದರೆ ಎಷ್ಟೋ ಸಲ ಸಾಕು. ಬಿಸಿಯಾದಾಗ ಒಮ್ಮೆಲೇ ಬಂದ್ ಆಗಿ, ತಣಿದ ಮೇಲೆ ಚಾಲೂ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡಬೇಕು. ಸ್ಕ್ಯಾನರ್ ಹಾಕಿಸಿ, ಆದರೆ ಕೋಡ್ ಬಂದ ಕೂಡಲೇ ಆ ಸೆನ್ಸರ್ ಕೊಳ್ಳಬೇಡಿ. ಅದಕ್ಕೆ ಹೋಗುವ ವೈರು, ಕಪ್ಲರ್ ಮೊದಲು ನೋಡಿಸಿ. ಮನೆಯಲ್ಲಿ ಇಲಿ ಇದ್ದರಂತೂ ಖಂಡಿತ.

ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಫಿಟ್‌ನೆಸ್ ಬೇಕು. ತಳದ ತಗಡು ತುಕ್ಕು ಹಿಡಿದು ಕೈಗೆ ಬರುತ್ತಿದ್ದರೆ, ಎಂಜಿನ್ ಕಂಪ್ರೆಷನ್ ಹೋಗಿದ್ದರೆ ಮಾರಿಬಿಡಿ, ಅದರಲ್ಲಿ ನಾಚಿಕೆ ಇಲ್ಲ. ಬರೀ ಚಾಲೂ ಆಗಲ್ಲ, ಬಂದ್ ಬೀಳುತ್ತೆ ಅನ್ನೋದಷ್ಟೇ ಕಾರಣ ಆದರೆ ಎರಡು ತಿಂಗಳು ತಡೆಯಿರಿ. ರೋಗಿ, ಬಾಣಂತಿ, ಸಣ್ಣ ಮಕ್ಕಳನ್ನ ಮಾತ್ರ ಅಲ್ಲಿಯವರೆಗೆ ಆ ಗಾಡಿಯಲ್ಲಿ ಹೈವೇಗೆ ಕರೆದೊಯ್ಯಬೇಡಿ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ 'ಪ್ಲಗ್ ಚೇಂಜ್ ಮಾಡ್ರಿ' ಅನ್ನಬೇಡಿ. ನೋಟ್‌ಬುಕ್ಕಿನ ಆ ಎರಡು ಹಾಳೆ ಮಿಸ್ತ್ರಿಯ ಕೈಗೆ ಕೊಟ್ಟು 'ಇದನ್ನ ನೋಡಿ ಹೇಳ್ರಿ' ಅನ್ನಿ. ಒಳ್ಳೇ ಮಿಸ್ತ್ರಿ ಆದರೆ ಸ್ಪಾನರ್ ಕೆಳಗಿಟ್ಟು ಮೊದಲು ಅದನ್ನೇ ಓದುತ್ತಾನೆ.